ತಗಡಿನ ಮೇಲಿನ ಫಸಲು

ಸೆಪ್ಟೆಂಬರ್ 2, ಮಂಗಳವಾರ

ಮಳೆ.

ಕಿಯೋಮಿ ಇವತ್ತು ಕೊಲೋನಿಯಾ ಪೇಟೆಗೆ ಹೋದಳು, ತಂಗಿ ಸುಮಿಕೋ ಮನೆಗೆ. ಪಿಕಪ್ ಗಾಡಿಯ ಹಿಂದೆ ಚಾಪೆ ಸುರುಳಿ ತೊಡೆ ಮೇಲಿಟ್ಟುಕೊಂಡು ಕೂತಳು. ನಾನು ಮೇಲೆ ಟಾರ್ಪಾಲು ಎಳೆದೆ. "ಹಂದಿಗೆ ಹೊತ್ತಿಗೆ ಸರಿಯಾಗಿ ಹಾಕು" ಅಂದಳು. "ಹೂಂ" ಅಂದೆ. ಗಾಡಿ ಹೋಯಿತು. ಇಷ್ಟು ವರ್ಷ ಸಂಸಾರ ಮಾಡಿದವರು ಇದಕ್ಕಿಂತ ಹೆಚ್ಚು ಏನು ಮಾತಾಡುತ್ತಾರೆ?

ಅವಳಿಗೆ ಸಕ್ಕರೆ ಕಾಯಿಲೆ. ದಿನಾ ಇಂಜೆಕ್ಷನ್ ಬೇಕು, ಆ ಔಷಧಿ ತಣ್ಣಗಿರಬೇಕು. ದ್ವೀಪದ ಈ ತುದಿಯಲ್ಲಿರುವ ನಮ್ಮ ದೌಪೇಯ್ ಊರಿಗೆ ಬರುವ ಕರೆಂಟ್ ಲೈನಿನ ಮೇಲೆ ಮರ ಬೀಳುವುದೊಂದೇ ಕೆಲಸ. ಜುಲೈಯಲ್ಲಿ ದವಾಖಾನೆಯ ಫ್ರಿಡ್ಜು ಯಾರಿಗೂ ಹೇಳದೆ ಆರಿ ಔಷಧಿ ಕೆಟ್ಟುಹೋಯಿತು. ಕೆಟ್ಟದ್ದನ್ನೇ ಚುಚ್ಚಿಕೊಂಡ ಇವಳು ಕೆಸುವಿನ ಗದ್ದೆಯಲ್ಲಿ ಬಿದ್ದಿದ್ದಳು. "ಕರೆಂಟು ನಿಲ್ಲದ ಕಡೆ ಇರಿ" ಅಂದರು ಡಾಕ್ಟರು. ಅಂದರೆ ಸುಮಿಕೋ ಮನೆ. ಸುಮಿಕೋ ಮನೆಯಲ್ಲಿ ನಿಲ್ಲದ್ದು ಕರೆಂಟೊಂದೇ ಅಲ್ಲ, ಅವಳ ಬಾಯಿಯೂ ನಿಲ್ಲುವುದಿಲ್ಲ.

ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ ಕಾರಣ ಇದನ್ನು ಬರೆಯಲು ಶುರುಮಾಡಿದೆ.

ಸೆಪ್ಟೆಂಬರ್ 3, ಬುಧವಾರ

ಮಳೆ. ಅನ್ನ ತಳ ಹಿಡಿಯಿತು.

ಸೆಪ್ಟೆಂಬರ್ 4, ಗುರುವಾರ

ಮಳೆ. ದಿನಾ ಹೀಗೆ ಬರೆದರೆ ಶಾಯಿ ದಂಡ. ಇನ್ನು ಮಳೆ ಬರದ ದಿನ ಸಿಕ್ಕಿದರೆ ಮಾತ್ರ ಬರೆಯುತ್ತೇನೆ.

ದವಾಖಾನೆಯ ತಗಡಿನ ಮೇಲೆ ಆರು ಸೋಲಾರ್ ಪ್ಯಾನೆಲ್ ಕೂರಿಸಿದ್ದಾರೆ. ಒಳಗೆ ಬ್ಯಾಟರಿ, ಒಂದು ಹೊಸ ಫ್ರಿಡ್ಜು, ಗೋಡೆಗೆ, ದಿನಕ್ಕೆ ಎಷ್ಟು ಕರೆಂಟು ಬಂತು ಅಂತ ಅಂಕಿ ತೋರಿಸುವ ಒಂದು ಡಬ್ಬಿ. ಕೂರಿಸಿದವನು ಪೇಟೆಯ ಆಫೀಸಿನ ಜೆಕರಾಯ. ದೂರದ ಮರಳು ದ್ವೀಪದ ಕಡೆಯವನು, ನೋಡಿದರೆ ಒಳ್ಳೆಯವನೇ. ವರ್ಷ ಮುಗಿಯುವುದರೊಳಗೆ ಪರೀಕ್ಷೆ ಮುಗಿಯಬೇಕಂತೆ. ನಮ್ಮ ಮೋಡದಲ್ಲೂ ಸಾಕಷ್ಟು ಕರೆಂಟು ಬಂದರೆ ಪ್ಯಾನೆಲ್ ಇಲ್ಲೇ ಉಳಿಯುತ್ತದೆ, ಔಷಧಿ ಇಲ್ಲೇ ತಣ್ಣಗಿರುತ್ತದೆ, ಕಿಯೋಮಿ ಮನೆಗೆ ಬರಬಹುದು. ಬರದಿದ್ದರೆ ಎಲ್ಲವನ್ನೂ ಬಿಚ್ಚಿ, ಬಿಸಿಲು ಹೆಚ್ಚಿರುವ ದ್ವೀಪಕ್ಕೆ ದೋಣಿ ಹತ್ತಿಸುತ್ತಾರೆ.

"ಇಲ್ಲಿ ಬಿಸಿಲೇ ಇಲ್ವಲ್ಲ ಸಾಹೇಬ್ರೆ" ಅಂದೆ.

"ಬಿಸಿಲು ಬೇಡ ಅಣ್ಣ, ಬೆಳಕಿದ್ರೆ ಸಾಕು. ಮಧ್ಯಾಹ್ನ ಟಾರ್ಚ್ ಹಿಡ್ಕೊಂಡು ಓಡಾಡ್ತೀರಾ?"

"ಇಲ್ಲ."

"ಮತ್ತೆ? ಮೋಡದ ಹಿಂದೆನೂ ಬೆಳಕಿದೆ ಅಂತಾಯ್ತಲ್ಲ."

ಪರೀಕ್ಷೆ ಮುಗಿಯುವ ತನಕ ಔಷಧಿ ಕೆಡಬಾರದು ಅಂತ ಫ್ರಿಡ್ಜನ್ನು ಹಳೆ ಲೈನಿಗೂ ಜೋಡಿಸಿದ್ದಾನೆ. ಹಾಗಾಗಿ ಫ್ರಿಡ್ಜು ತಣ್ಣಗಿದೆ ಅಂದ ಮಾತ್ರಕ್ಕೆ ಸೋಲಾರ್ ಗೆದ್ದ ಹಾಗಲ್ಲ. ಡಬ್ಬಿಯ ಅಂಕಿ ನೋಡಿ ಶುಕ್ರವಾರ ಶುಕ್ರವಾರ ಫೋನಿನಲ್ಲಿ ಹೇಳಬೇಕು. ಅದಕ್ಕೊಬ್ಬ ಉಸ್ತುವಾರಿ ಬೇಕು ಅಂದಾಗ ನಮ್ಮ ಊರಿನ ಹಿರಿಯ, ಸೌಮಾಸ್ ಪದವಿಯವರು, ಯೋಚನೆ ಮಾಡದೆ ಹೇಳಿದರು: "ದಿಯೊನಿಸ್ ಇರ್ಲಿ. ಹೆಗ್ಗೆಣಸು ಬೆಳೆಯೋ ಕೈ."

ಸೆಪ್ಟೆಂಬರ್ 5, ಶುಕ್ರವಾರ

ಮೊದಲ ಫೋನು. ಊರಿನಲ್ಲಿ ಸಿಗ್ನಲ್ ಸಿಗುವುದು ಸಮುದ್ರದ ಕಡೆಯ ಚಾವಡಿಯಲ್ಲಿ ಮಾತ್ರ. ಅಲ್ಲಿ ಸಂಜೆ ಹೊತ್ತು ಸೌಮಾಸರ ಎದುರು, ಹಿಂಡಿ ಕುಡಿಯಲು ಮತ್ತೇರಿಸುವ ಸಕಾವ್ ಬೇರು ಕುಟ್ಟುತ್ತಿರುತ್ತಾರೆ, ಊರಿನ ಗಂಡಸರೆಲ್ಲ ಕರಟ ಹಿಡಿದು ಕೂತಿರುತ್ತಾರೆ.

ಜೆಕರಾಯ ಕೇಳಿದ ಮೊದಲನೇ ಮಾತೇ "ಎಷ್ಟು ಬಂತು ಅಣ್ಣ?"

ನನ್ನ ಕಿವಿ ಬಿಸಿಯಾಯಿತು. ಒಬ್ಬ ಗಂಡಸನ್ನು ನಾಲ್ಕು ಜನರ ಮುಂದೆ ನಿನ್ನ ಫಸಲು ಎಷ್ಟು ಅಂತ ಕೇಳುವುದೇ! ನನ್ನ ಅಪ್ಪ ತನ್ನ ಗೆಣಸಿನ ಗುಂಡಿಗಳು ಎಲ್ಲಿವೆ ಅಂತ ನನ್ನ ಅಮ್ಮನಿಗೂ ಹೇಳದೆ ತೀರಿಕೊಂಡ. ಎರಡನ್ನು ಆಮೇಲೆ ಹಂದಿಗಳು ಪತ್ತೆ ಮಾಡಿದವು. ನಾಲ್ಕು ಜನ ಹೊರುವಂಥ ಗೆಣಸನ್ನು ಸೌಮಾಸರ ಮುಂದೆ ಇಳಿಸಿದಾಗಲೂ "ಏನೋ ಬೇರು ಬುದ್ಧಿ, ನಾಚಿಕೆಯಾಗುತ್ತೆ" ಅನ್ನುವುದು ಮರ್ಯಾದೆ. ನಾಚಿಕೆ ಹೆಚ್ಚಿದಷ್ಟೂ ಗೆಣಸು ದೊಡ್ಡದು ಅಂತ ಕೂಸಿಗೂ ಗೊತ್ತು.

ಜೆಕರಾಯನ ದ್ವೀಪದಲ್ಲಿ ಹೆಗ್ಗೆಣಸು ಬೆಳೆಯುವುದಿಲ್ಲ. ಪಾಪ, ಮಾತು ಕಲಿತಿಲ್ಲ.

"ಏನೋ ಸಾಹೇಬ್ರೆ, ಒಂಚೂರು" ಅಂದೆ.

ಎದುರು ಕೂತಿದ್ದ ಪಕ್ಕದ ಮನೆ ಮೆಲ್‌ಪೆರ್ತ್ ಹುಬ್ಬು ಏರಿಸಿದ. ಪರವಾಗಿಲ್ಲ, ಮೋಡದಲ್ಲೂ ಬರುತ್ತಿದೆ ಅಂತ ಅವನಿಗೆ ಅರ್ಥವಾಯಿತು. ಡಬ್ಬಿಯಲ್ಲಿದ್ದ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಕಾಗದಕ್ಕೂ ಕಣ್ಣಿರುತ್ತದೆ.

ಸೆಪ್ಟೆಂಬರ್ 13, ಶನಿವಾರ

ಊರಿನವರು ಮರ್ಯಾದಸ್ಥರು. ದವಾಖಾನೆ ಮುಂದೆ ಹೋಗುವಾಗ ತಲೆ ತಗ್ಗಿಸಿ, ತಗಡಿನ ಕಡೆ ನೋಡದೆ ಹೋಗುತ್ತಾರೆ. ಇನ್ನೊಬ್ಬರ ಗೆಣಸಿನ ಬಳ್ಳಿಯನ್ನು ಯಾರು ದಿಟ್ಟಿಸುತ್ತಾರೆ? ಮೆಲ್‌ಪೆರ್ತ್ ನೆನ್ನೆ ನೆಲ ನೋಡುತ್ತಾ ಬಂದು ಕಂಬಕ್ಕೆ ಹಣೆ ಹೊಡೆಸಿಕೊಂಡ. ದವಾಖಾನೆಯ ನರ್ಸ್ ಪೆರ್ನದೆತ್ ಪಟ್ಟಿ ಕಟ್ಟಿದಳು.

ನೆನ್ನೆಯ ಫೋನಿನಲ್ಲಿ "ಹೇಳೋ ಹಾಗಿಲ್ಲ ಸಾಹೇಬ್ರೆ" ಅಂದೆ. ಹಿಂದಿನ ವಾರಕ್ಕಿಂತ ಚೆನ್ನಾಗಿತ್ತು.

ಸೆಪ್ಟೆಂಬರ್ 20, ಶನಿವಾರ

ಕಿಯೋಮಿಯನ್ನು ನೋಡಲು ಪೇಟೆಗೆ ಹೋಗಿದ್ದೆ. ಸುಮಿಕೋ ಮನೆಯಲ್ಲಿ ಕಿಟಕಿ ತೆಗೆಯುವುದಿಲ್ಲ, ಏಸಿ ಹಾಕುತ್ತಾರೆ. ಕಿಯೋಮಿ ಎರಡು ಲಂಗ ಒಂದರ ಮೇಲೊಂದು ಉಟ್ಟು ಸೋಫಾ ತುದಿಯಲ್ಲಿ ಕೂತಿದ್ದಳು. ಯಾರದೋ ಮನೆಗೆ ಬಂದು ಕಾಫಿಗೆ ಕಾಯುವವಳಂತೆ.

"ಹಂದಿ ಹೇಗಿದೆ?"

"ಚೆನ್ನಾಗಿದೆ."

"ಕೆಸುವಿನ ಗದ್ದೆ?"

"ಇದೆ."

ಸುಮಿಕೋ ಅಡುಗೆಮನೆಯಿಂದಲೇ ಶುರುಮಾಡಿದಳು. "ಭಾವ, ಅಕ್ಕ ಇನ್ಮೇಲೆ ಇಲ್ಲೇ ಇರ್ಲಿ ಬಿಡಿ. ಆ ಕಾಡಲ್ಲಿ ಏನಿದೆ? ಮೋಡ ಹಿಂಡಿ ಕರೆಂಟು ತೆಗಿತಾರಂತೆ! ಯಾರಾದ್ರೂ ಕೇಳಿದ್ರೆ ನಗ್ತಾರೆ." ಅವಳು ಕೊಟ್ಟ ಮೀನಿನ ಡಬ್ಬಿ ತೆಗೆದುಕೊಂಡು ಬಂದೆ. ಮೀನು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ವಾಪಸ್ ಬರುವಾಗ ದವಾಖಾನೆ ಹತ್ತಿರವೇ ಇಳಿದೆ. ಮನೆ ಅದರಾಚೆ ಇದೆ, ಆದರೂ ಒಮ್ಮೆ ಅಂಕಿಯ ಡಬ್ಬಿ ನೋಡಿಕೊಂಡು ಹೋಗೋಣ ಅನಿಸಿತು.

ಅಕ್ಟೋಬರ್ 1, ಬುಧವಾರ

ನಮ್ಮಲ್ಲಿ ಒಂದು ಕಡೆ ನಿಂತರೆ ಮನುಷ್ಯನ ಮೇಲೂ ಬಳ್ಳಿ ಹಬ್ಬುತ್ತದೆ. ಮೂಲೆಯ ಪ್ಯಾನೆಲಿಗೆ ಒಂದು ಬಳ್ಳಿ ಸುತ್ತಿಕೊಂಡಿತ್ತು, ಕಿತ್ತೆ. ಅಂಚಿನಲ್ಲಿ ಹಸಿರು ಪಾಚಿ, ಅದನ್ನು ಹಳೆ ಬನಿಯನ್ನಿನಿಂದ ಉಜ್ಜಿದೆ. ಧೂಳು ಮಾತ್ರ ಒಂದು ಚೂರೂ ಇಲ್ಲ, ಮಳೆಯೇ ತೊಳೆದುಬಿಡುತ್ತದೆ. ಮರಳು ದ್ವೀಪದಲ್ಲಿ ಉಪ್ಪು ಒರೆಸುವುದೇ ಒಂದು ಸಂಬಳದ ಕೆಲಸ ಅಂತ ಜೆಕರಾಯನೇ ಹೇಳಿದ್ದ.

ಬೆಳಗ್ಗೆ ಗೆಣಸಿನ ಗುಂಡಿಗಳ ಕಡೆ ಹೋಗಬೇಕಿತ್ತು. ನಾಳೆ ಹೋದರಾಯಿತು.

ಅಕ್ಟೋಬರ್ 7, ಮಂಗಳವಾರ

ಮಧ್ಯಾಹ್ನದ ಮೇಲೆ ಅಂಕಿ ಕುಸಿಯುತ್ತದೆ. ಕಾರಣ ಗೊತ್ತು: ದವಾಖಾನೆಗೆ ತಾಗಿದ ನಮ್ಮ ಹಿತ್ತಿಲ ಜೀಗುಜ್ಜೆ ಮರದ ನೆರಳು. ಒಂದು ಕೊಂಬೆ ತೆಗೆಯೋಣ ಅಂತ ಹತ್ತಿದೆ. ತೆಗೆದ ಮೇಲೆ ಅದರ ಪಕ್ಕದ್ದೂ ಅಡ್ಡ ಅನಿಸಿತು. ಸಂಜೆಗೆ ಮರ ಇರಲಿಲ್ಲ.

ಮೆಲ್‌ಪೆರ್ತ್ ಬೇಲಿಯಾಚೆ ಬಾಯಿ ಬಿಟ್ಟು ನಿಂತಿದ್ದ. "ಏನಯ್ಯಾ ದಿಯೊನಿಸ್, ಫಲ ಕೊಡೋ ಮರ!"

"ಗಾಳಿಗೆ ಬೀಳೋ ಹಾಗಿತ್ತು."

"ಗಾಳಿ ಕೊಡ್ಲಿ ಹಿಡ್ಕೊಂಡು ಬಂದಿತ್ತೇನು?"

ಬಲಿಯದ ಕಾಯಿಗಳನ್ನು ಊರಿಗೆಲ್ಲ ಹಂಚಿದೆ.

ಅಕ್ಟೋಬರ್ 13, ಸೋಮವಾರ

ಚಂಡಮಾರುತದ ಬಾಲ ನಮಗೆ ತಾಗಿದೆ. ಹಗಲಿನಲ್ಲೇ ದೀಪ ಬೇಕು. ಲೈನಿನ ಕರೆಂಟು ಹೋಯಿತು, ನಮ್ಮ ಇಡೀ ಕಿಟ್ಟಿ ಸೀಮೆಗೇ ಇಲ್ಲ.

ಅಕ್ಟೋಬರ್ 14, ಮಂಗಳವಾರ

ಕತ್ತಲೆ. ದವಾಖಾನೆಯಲ್ಲಿ ಫ್ರಿಡ್ಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಲೈನಿಲ್ಲ, ಎಲ್ಲ ಆ ಆರು ಹಲಗೆಗಳ ಮೇಲೆಯೇ. ಪೆರ್ನದೆತ್ ಹೊತ್ತು ಹೊತ್ತಿಗೆ ಥರ್ಮಾಮೀಟರ್ ನೋಡಿ "ಸರಿ ಇದೆ ಮಾಮ" ಅನ್ನುತ್ತಾಳೆ. ಆಮೇಲೆ ನಾನೂ ಒಮ್ಮೆ ನೋಡುತ್ತೇನೆ.

ಒಳಗೆ ಮಕ್ಕಳ ಲಸಿಕೆ ಇದೆ. ಕಿಯೋಮಿಯ ಔಷಧಿ ಇಡುವ ಮೂಲೆ ಖಾಲಿ ಇದೆ.

ಅಕ್ಟೋಬರ್ 15, ಬುಧವಾರ

ಸರಿ ಇದೆ.

ಅಕ್ಟೋಬರ್ 16, ಗುರುವಾರ

ಸರಿ ಇದೆ. ಆಕಾಶ ಹಂಡೆಯ ತಳದ ಹಾಗೆ ಕಪ್ಪಗಿದೆ, ಆದರೂ ಡಬ್ಬಿಯಲ್ಲಿ ಅಂಕಿ ಏರುತ್ತದೆ. ಎಲ್ಲಿಂದ ಬರುತ್ತದೋ ಆ ಬೆಳಕು! ಪೆರ್ನದೆತ್ ಅನ್ನ ತಂದುಕೊಟ್ಟಳು. ಒಂದು ತುತ್ತು ತಿಂದು ಮುಚ್ಚಿಟ್ಟೆ, ರುಚಿಯೇ ಹತ್ತಲಿಲ್ಲ. ಶೀತ ಇರಬೇಕು.

ಅಕ್ಟೋಬರ್ 17, ಶುಕ್ರವಾರ

ಗಾಳಿ ನಿಂತಿತು. ಲೈನು ಇನ್ನೂ ಇಲ್ಲ, ಫ್ರಿಡ್ಜು ತಣ್ಣಗಿದೆ. ಇಂಥ ವಾರದಲ್ಲಿ ಇಷ್ಟು ಫಸಲು! ನನ್ನ ಜೀವಮಾನದಲ್ಲೇ ಇಂಥದ್ದು ಎತ್ತಿಲ್ಲ.

ಆದ್ದರಿಂದ ಜೆಕರಾಯ ಕೇಳಿದಾಗ ಧ್ವನಿ ಇಳಿಸಿ ಹೇಳಿದೆ. "ಬಿಡಿ ಸಾಹೇಬ್ರೆ. ಮುಖ ತೋರಿಸೋ ಹಾಗಿಲ್ಲ. ನಾಚಿಕೆಗೇಡು. ಅದನ್ನ ಫಸಲು ಅಂತ ಕರೆಯೋಕಾಗಲ್ಲ."

ಚಾವಡಿಯಲ್ಲಿ ಕುಟ್ಟುವ ಕಲ್ಲುಗಳು ನಿಂತವು. ಸೌಮಾಸರು ಕರಟವನ್ನು ಬಾಯಿಂದ ಇಳಿಸಿ ನನ್ನ ಕಡೆ ನೋಡಿದರು. ಹಾಗೆ ನೋಡಿಸಿಕೊಳ್ಳಲು ಜನ ಎಷ್ಟೋ ವರ್ಷ ಮಣ್ಣು ಅಗೆಯುತ್ತಾರೆ.

ಜೆಕರಾಯ "ಹಾಗಾದ್ರೆ ಪ್ಯಾನೆಲ್ ಇಲ್ಲಿದ್ದು ದಂಡ ಅಣ್ಣ. ಬಿಚ್ಚಿಕೊಂಡು ಹೋಗೋದೇ ವಾಸಿ" ಅಂದ.

ಎಂಥ ಒಳ್ಳೆಯ ಮಾತು! ಕೊಟ್ಟವನು ತನ್ನ ವಸ್ತುವನ್ನೇ ಹಳಿಯುವುದು. ಕೊನೆಗೂ ನಮ್ಮ ರೀತಿ ಕಲಿತ. "ನಿಮ್ಮಿಷ್ಟ ಸಾಹೇಬ್ರೆ, ಈ ಕೈಗೆ ಅಷ್ಟು ಯೋಗ್ಯತೆ ಇಲ್ಲ" ಅಂತ ನಾನೂ ಉತ್ತರ ಕೊಟ್ಟೆ. ಇಬ್ಬರ ಮಾತೂ ಚೆನ್ನಾಗಿತ್ತು ಅಂತ ಸೌಮಾಸರು ಮೊದಲ ಕರಟದ ಸಕಾವ್ ಮುಗಿದ ಮೇಲೆ ಹೇಳಿದರಂತೆ.

ನವೆಂಬರ್ 8, ಶನಿವಾರ

ಹೊಸ ಗೆಣಸಿನ ಹಬ್ಬ. ಮೊನ್ನೆ ಗುಂಡಿ ಅಗೆಯಲು ಹೋದಾಗ ಗೊತ್ತಾಯಿತು. ಊರೆಗೋಲು ಮುರಿದು ಬಳ್ಳಿ ನೆಲದ ಮೇಲೆ ಬಿದ್ದು, ಎಲೆ ಕೊಳೆತಿದ್ದವು. ಆ ಕಡೆ ಹೋಗಿ ಎಷ್ಟು ದಿನವಾಗಿತ್ತೋ. ಸಿಕ್ಕಿದ ಗೆಣಸನ್ನು ಒಬ್ಬನೇ ಒಂದೇ ಕೈಯಲ್ಲಿ ಹಿಡಿದು ಬಂದೆ.

ಸೌಮಾಸರ ಮುಂದೆ ಇಟ್ಟು "ಏನೋ ಬೇರು ಬುದ್ಧಿ, ನಾಚಿಕೆಯಾಗುತ್ತೆ" ಅಂದೆ. ಎಲ್ಲರೂ ಕತ್ತು ಚಾಚಿದರು. ನಾನು ಪಕ್ಕಕ್ಕೆ ಸರಿದೆ. ಎಲ್ಲರೂ ನೋಡಿದರು. ಇನ್ನೊಂದು ಹೊರಗೆ ಇರಬಹುದು ಅಂತ ಮೆಲ್‌ಪೆರ್ತ್ ಬಾಗಿಲ ಕಡೆಯೂ ನೋಡಿದ.

ಸೌಮಾಸರು ಗೆಣಸನ್ನು ಎತ್ತಿ ತಿರುಗಿಸಿ ನೋಡಿದರು. "ದಿಯೊನಿಸ್, ಈ ಸಲ ನಿಜಾನೇ ಹೇಳಿದೀಯ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಹಬ್ಬದ ಪಾಲು ಕೊಡಲು ಹಿರಿತನದ ಪ್ರಕಾರ ಪದವಿ ಹೇಳಿ ಕೂಗುವಾಗ ನನ್ನ ಸರದಿ ಈ ಸಲ ಮೆಲ್‌ಪೆರ್ತ್ ಆದಮೇಲೆ ಬಂತು. ನನಗೆ ಅಷ್ಟೇನೂ ಅನಿಸಲಿಲ್ಲ. ಜಡಿಮಳೆ ಹಿಡಿದಿತ್ತು, ಎಲೆ ಏನಾದರೂ ಬಂದು ಪ್ಯಾನೆಲಿನ ಮೇಲೆ ಕೂತಿರಬಹುದು ಅಂತ ಬೇಗ ಎದ್ದು ಬಂದೆ. ಕೂತಿತ್ತು.

ನವೆಂಬರ್ 15, ಶನಿವಾರ

ಕಿಯೋಮಿ ಫೋನು ಮಾಡಿದ್ದಳು. ಮೆಲ್‌ಪೆರ್ತನ ಫೋನಿಗೆ, ಚಾವಡಿಗೆ. ಅವಳ ಧ್ವನಿ ಫೋನಿನಿಂದ ಆಚೆಗೂ ಕೇಳುತ್ತಿತ್ತು. ಎಲ್ಲರೂ ತಂತಮ್ಮ ಕರಟದೊಳಗೆ ನೋಡತೊಡಗಿದರು.

"ಜೆಕರಾಯ ಪೇಟೇಲಿ ಸಿಕ್ಕಿ ಸುಮಿಕೋ ಹತ್ರ ಹೇಳಿದಾನೆ. ಬುಧವಾರ ಲಾರಿ ತಂದು ಎಲ್ಲ ಬಿಚ್ಚಿಕೊಂಡು ಹೋಗ್ತಾರಂತೆ. ಏನೂ ಬರ್ತಿಲ್ಲ, ನಾಚಿಕೆಗೇಡು, ನಿಮ್ಮಿಷ್ಟ, ತಗೊಂಡ್ಹೋಗಿ ಅಂತ ನೀನೇ ಅಂದ್ಯಂತೆ."

"ಅಯ್ಯೋ, ಅದು ಹಾಗಲ್ಲ ಕಣೇ. ಅವನೂ ಮರ್ಯಾದೆಗೆ ಅಂದ, ನಾನೂ ಮರ್ಯಾದೆಗೆ..."

"ಅವನು ಮರಳು ದ್ವೀಪದೋನು! ಅವನಿಗೆ ಒಂಚೂರು ಅಂದ್ರೆ ಒಂಚೂರೇ!"

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಬರ್ತಿದೆಯಾ ಇಲ್ವಾ, ನಂಗಾದ್ರೂ ಹೇಳು."

ಸುತ್ತ ನೋಡಿದೆ. ಊರೆಲ್ಲ ಇತ್ತು. "ಏನೋ..." ಅಂದೆ. ದೇವರಾಣೆ, ಅದು ತಾನಾಗಿಯೇ ಬಂತು.

ಆ ಕಡೆ ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. "ಗೆಣಸಿನ ಲೆಕ್ಕ ಮುಚ್ಚಿಡು, ಯಾರು ಬೇಡ ಅಂದ್ರು. ನಾನು ಬದುಕೋದರ ಲೆಕ್ಕಾನೂ ಮುಚ್ಚಿಡ್ತೀಯಾ? ನಾನು ಬರೋದು ಬೇಡ ಅಂತಿದ್ರೆ ನೇರ ಹೇಳಿಬಿಡು ದಿಯೊನಿಸ್. ಇಲ್ಲಿ ಸೋಫಾದ ತುದೀಲೇ ಕೂತಿರ್ತೀನಿ, ಸಾಯೋ ತನಕ."

ಇಟ್ಟುಬಿಟ್ಟಳು. ಫೋನು ಮೆಲ್‌ಪೆರ್ತನ ಕೈಗೆ ಕೊಟ್ಟೆ. ಅವನು ಅದನ್ನು ಒರೆಸಿ ಜೇಬಿಗಿಟ್ಟುಕೊಂಡ.

ಅವಳು ಬರುವುದು ಬೇಡವಂತೆ! ಜೀಗುಜ್ಜೆ ಮರ ಯಾಕೆ ಕಡಿದೆ ನಾನು? ಫ್ರಿಡ್ಜಿನ ಪಕ್ಕ ಕಾವಲು ನಾಯಿಯ ಹಾಗೆ ಯಾಕೆ ಕೂತಿದ್ದೆ? ಗೆಣಸು ಕೊಳೆಯಿಸಿ, ಊರಿನ ಎದುರು ತಲೆ ತಗ್ಗಿಸಿ ಯಾಕೆ ನಿಂತೆ? ಇದನ್ನು ಬರೆಯುವ ತನಕ ನನಗೂ ಗೊತ್ತಿರಲಿಲ್ಲ. ಆ ಫ್ರಿಡ್ಜಿನ ಖಾಲಿ ಮೂಲೆಯನ್ನು ದಿನಾ ನೋಡಲು ಹೋಗುತ್ತಿದ್ದೆ.

ನವೆಂಬರ್ 16, ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಹಂದಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಜೋರಾಗಿ ಅಂಕಿ ಹೇಳುವುದು. ಮೊದಲ ಸಲ ಹೇಳಿದಾಗ ಮೈಯೆಲ್ಲ ಬೆವರಿತು, ಬಟ್ಟೆ ಬಿಚ್ಚಿ ರಸ್ತೆಯಲ್ಲಿ ನಿಂತ ಹಾಗಾಯಿತು. ಎರಡನೇ ಸಲ "ಒಂಚೂರು ಜಾಸ್ತಿನೇ" ಅಂತ ಬಂತು. ಮತ್ತೆ ಹೇಳಿದೆ. ಹಂದಿ ಎದ್ದು ಹಿಂದಕ್ಕೆ ಹೋಗಿ ಕೂತಿತು. ಅದೂ ಈ ಊರಿನದೇ ತಾನೆ.

ನವೆಂಬರ್ 17, ಸೋಮವಾರ

ಚಾವಡಿಗೆ ಹೋದೆ. ಯಾರೂ ಇಲ್ಲದ ಹೊತ್ತು ನೋಡಿ ಹೋಗೋಣ ಅಂದರೆ, ಯಾರೂ ಇಲ್ಲದ ಹೊತ್ತಿನಲ್ಲಿ ಆಫೀಸಿನಲ್ಲೂ ಯಾರೂ ಇರುವುದಿಲ್ಲ. ಎಲ್ಲರೂ ಇದ್ದರು. ಕುಟ್ಟುತ್ತಿದ್ದರು. ಸೌಮಾಸರ ಎದುರು ಬಗ್ಗಿ, "ಬುದ್ಧಿ, ಈಗ ನಾನು ಆಡೋ ಮಾತಿಗೆ ಮೊದಲೇ ತಪ್ಪಾಯ್ತು ಅಂತೀನಿ" ಅಂದೆ.

ಮೆಲ್‌ಪೆರ್ತನ ಫೋನಿನಿಂದ ಜೆಕರಾಯನಿಗೆ ಹಚ್ಚಿದೆ, ಮಳೆಗೆ ಅದು ಕರಕರ ಅನ್ನುತ್ತಿತ್ತು. "ಸಾಹೇಬ್ರೆ, ಪ್ಯಾನೆಲ್ ಬಿಚ್ಚಬೇಡಿ. ಕರೆಂಟು ಬರ್ತಿದೆ."

"ಏನು? ಕೇಳಿಸ್ತಿಲ್ಲ!"

"ಬರ್ತಿದೆ!"

"ಎಷ್ಟು?"

ಕಲ್ಲುಗಳು ಒಂದೊಂದಾಗಿ ನಿಂತವು. ಹಂದಿಯನ್ನು ನೆನೆಸಿಕೊಂಡೆ. "ಬರೀ ಮೋಡದ ದಿನ ನಾಲ್ಕು ಯೂನಿಟ್ಟು! ಜಡಿಮಳೆ ದಿನ ಎರಡು! ಫ್ರಿಡ್ಜಿಗೆ ಬೇಕಿರೋದು ಒಂದು!"

"ಜೋರಾಗಿ ಹೇಳಿ ಅಣ್ಣ!"

ಕಿರುಚಿದೆ. ಕೆಳಗಿನ ದೋಣಿಗಳಲ್ಲಿದ್ದವರೂ ತಲೆ ಎತ್ತಿದರು. "ನಾಲ್ಕು! ಎರಡು! ಚಂಡಮಾರುತದಲ್ಲೂ ಫ್ರಿಡ್ಜ್ ಆರಲಿಲ್ಲ! ನಾನು ತುಂಬಾ ಚೆನ್ನಾಗಿ ನೋಡ್ಕೊಂಡಿದೀನಿ! ಇಷ್ಟು ಮಳೇಲಿ ಇಷ್ಟು ಯಾರೂ ತೆಗಿಯಕ್ಕಾಗಲ್ಲ!"

ಕೊನೆಯ ಮಾತು ಅಭ್ಯಾಸ ಮಾಡಿದ್ದರಲ್ಲಿ ಇರಲಿಲ್ಲ.

ಜೆಕರಾಯನ ಧ್ವನಿ ಮೆತ್ತಗಾಯಿತು. "ಅಣ್ಣ, ಬೇಜಾರು ಮಾಡ್ಕೋಬೇಡಿ. ಇಷ್ಟು ದಿನ ಏನೂ ಇಲ್ಲ ಅಂದ್ರಿ, ಲಾರಿ ಬರೋದು ಗೊತ್ತಾದ್ಮೇಲೆ ನಾಲ್ಕು ಅಂತೀರ. ಅಕ್ಕೋರು ಮನೆಗೆ ಬರ್ಲಿ ಅಂತ ಹೇಳ್ತಿದೀರಿ, ನಂಗೆ ಅರ್ಥವಾಗುತ್ತೆ. ಬುಧವಾರಕ್ಕೆ ಮುಂಚೆ ಬಂದು ಡಬ್ಬಿ ನೋಡೋಕೆ ಗಾಡಿ ಇಲ್ಲ, ಬರೀ ನಿಮ್ಮ ಮಾತನ್ನ ಮೇಲಿನವರು ನಂಬಲ್ಲ. ಬೇರೆ ಯಾರಾದ್ರೂ ನೋಡಿದಾರಾ?"

ಯಾರು ನೋಡಿರುತ್ತಾರೆ? ಮರ್ಯಾದಸ್ಥರ ಊರು. ಪೆರ್ನದೆತ್‌ಗೆ ಗೊತ್ತು, ಆದರೆ ಅವಳು ಈ ವಾರ ತರಬೇತಿಗೆ ಬೇರೆ ದ್ವೀಪಕ್ಕೆ ಹೋಗಿದ್ದಾಳೆ. ಫೋನು ಕೈಯಲ್ಲಿ ಹಾಗೇ ಹಿಡಿದು ನಿಂತೆ. ಕಣ್ಣಲ್ಲಿ ನೀರು ಬಂದಿತ್ತು, ಮಳೆಯದು ಅನ್ನೋಣ ಅಂದರೆ ಸೂರಿನ ಕೆಳಗೆ ಇದ್ದೆ.

ಮೆಲ್‌ಪೆರ್ತ್ ಕೆಮ್ಮಿದ. "ಚಂಡಮಾರುತದ ವಾರ... ನಾನು ದವಾಖಾನೆ ಹಿಂದಿನ ಪ್ಲಗ್ಗಲ್ಲಿ ಫೋನ್ ಚಾರ್ಜ್ ಮಾಡ್ಕೋತಿದ್ದೆ. ದಿನಾ. ಹಾಗೆ ಕಿಟಕಿಯಿಂದ ಡಬ್ಬಿ ಕಡೆನೂ ಕಣ್ಣು ಹೋಯ್ತು."

"ನಾನೂ" ಅಂದ ಅವನ ಪಕ್ಕದವನು, ನೆಲ ನೋಡುತ್ತಾ.

ಇನ್ನೊಬ್ಬ. ಮತ್ತೊಬ್ಬ. ಸಕಾವ್ ಹಿಂಡುತ್ತಿದ್ದವನು ಕೈ ನಿಲ್ಲಿಸದೆಯೇ ತನ್ನ ಹೆಂಡತಿಯ ಫೋನನ್ನೂ ಸೇರಿಸಿ ಒಪ್ಪಿಕೊಂಡ. ಹೀಗೆ ಚಾವಡಿ ಪೂರ್ತಿ ಆಯಿತು. ಕೊನೆಗೆ ಸೌಮಾಸರು ಕೈ ಚಾಚಿದರು. ಫೋನು ಕೊಟ್ಟೆ. ಅವರು ಅದನ್ನು ತಲೆಕೆಳಗಾಗಿ ಹಿಡಿದರು, ಮೆಲ್‌ಪೆರ್ತ್ ಸರಿಮಾಡಿದ.

"ನಾನು ಇಲ್ಲಿಯ ಸೌಮಾಸ್. ಕೇಳಿಸ್ಕೋ. ಆ ವಾರ ಇಡೀ ಸೀಮೆಗೆ ಲೈನ್ ಇರ್ಲಿಲ್ಲ ಅಂತ ನಿಮ್ಮ ಆಫೀಸಿಗೇ ಗೊತ್ತು. ಫ್ರಿಡ್ಜು ತಣ್ಣಗಿತ್ತು. ನಾನು ದಿನಾ ಬೆಳಗ್ಗೆ ಎಲ್ರೂ ಏಳೋಕೆ ಮುಂಚೆ ಹೋಗಿ ಬಾಗಿಲು ತೆಗೆದು ಕೈ ಒಳಗಿಟ್ಟು ನೋಡ್ತಿದ್ದೆ." ಸ್ವಲ್ಪ ತಡೆದರು. "ಆಮೇಲೂ ಡಬ್ಬಿ ನೋಡ್ತಿದ್ದೆ, ಮೋಡದ ದಿನ ನಾಲ್ಕಲ್ಲ, ಒಂದೊಂದ್ಸಲ ಐದೂ ಇತ್ತು. ಅವನಿಗೆ ಹೇಳೋಕೆ ನಾಚಿಕೆ."

ಫೋನು ವಾಪಸ್ ಕೊಟ್ಟು, ನನ್ನ ಮುಖ ನೋಡದೆ, ಕುಟ್ಟಲು ಸನ್ನೆ ಮಾಡಿದರು. ಆಮೇಲೆ ಯಾರೂ ಯಾರನ್ನೂ ನೋಡಲಿಲ್ಲ. ಇಷ್ಟು ಮಾನ ಒಂದೇ ಸಂಜೆಯಲ್ಲಿ ಹೋದದ್ದು ನಮ್ಮ ಊರಿನಲ್ಲಿ ಇದೇ ಮೊದಲಿರಬೇಕು.

ನವೆಂಬರ್ 19, ಬುಧವಾರ

ಲಾರಿ ಬರಲಿಲ್ಲ.

ನವೆಂಬರ್ 24, ಸೋಮವಾರ

ಬಿಸಿಲು! ಬೆಳಗ್ಗೆ ಪೂರ್ತಿ. ಬರೆಯುತ್ತೇನೆ ಅಂದಿದ್ದೆ, ಬರೆದಿದ್ದೇನೆ. ಒಂಬತ್ತು ಯೂನಿಟ್. ಮೆಲ್‌ಪೆರ್ತ್ ಬೇಲಿಯಾಚೆಯಿಂದ "ಎಷ್ಟಯ್ಯಾ?" ಅಂತ ಕೇಳಿದ, ಹೇಳಿದೆ. ಅವನು ಕೆಂಪಾದ. ನಾನೂ ಆದೆ. ಅವನ ಅಣ್ಣನ ಊರಿನವರು ತಮಗೆ ಎಂಟು ಪ್ಯಾನೆಲ್ ಬೇಕು ಅಂತ ಆಫೀಸಿಗೆ ಹೋಗಿ ಕೂತಿದ್ದಾರಂತೆ. ನಮ್ಮದು ಆರು ಅಂತ ಗೊತ್ತಾದ ಮೇಲೆ.

ಡಿಸೆಂಬರ್ 6, ಶನಿವಾರ

ಆಫೀಸಿನ ಗಾಡಿಯಲ್ಲಿ ಜೆಕರಾಯ ಬಂದ. ಮುಂದಿನ ಸೀಟಿನಲ್ಲಿ ಕಿಯೋಮಿ ಇದ್ದಳು, ಮಡಿಲಲ್ಲಿ ಔಷಧಿಯ ಐಸ್ ಪೆಟ್ಟಿಗೆ.

ಜೆಕರಾಯ ಮೊದಲು ಡಬ್ಬಿ ನೋಡಿದ. ಗುಂಡಿ ಒತ್ತಿ ಒತ್ತಿ ಹಳೆಯದನ್ನೆಲ್ಲ ನೋಡಿದ. "ಅಣ್ಣ, ನೀವು ಅವತ್ತು ಕಿರುಚಿ ಹೇಳಿದ್ದಕ್ಕಿಂತ ಜಾಸ್ತಿನೇ ಇದೆಯಲ್ಲ!"

ಬಾಯಿ ಅವತ್ತೂ ತನ್ನಷ್ಟಕ್ಕೆ ಸ್ವಲ್ಪ ಕಡಿಮೆ ಮಾಡಿ ಹೇಳಿಬಿಟ್ಟಿತ್ತು, ನಾನೇನು ಮಾಡಲಿ.

ಅವನು ಫ್ರಿಡ್ಜಿನಿಂದ ಹಳೆ ಲೈನಿನ ವೈರು ಕಿತ್ತು ಸುತ್ತಿ ಗಾಡಿಗೆ ಹಾಕಿದ. ಪ್ಯಾನೆಲ್ ಇನ್ನು ಇಲ್ಲೇ. ಪೆರ್ನದೆತ್ ಔಷಧಿಯ ಶೀಶೆಗಳನ್ನು ಆ ಖಾಲಿ ಮೂಲೆಯಲ್ಲಿ ಜೋಡಿಸಿದಳು. ಕಿಯೋಮಿ ಬಗ್ಗಿ ನೋಡಿದಳು, ಒಂದನ್ನು ಮುಟ್ಟಿದಳು, ತಣ್ಣಗಿದೆಯೇ ಅಂತ ಕೆನ್ನೆಗೆ ಒತ್ತಿ ಮತ್ತೆ ಇಟ್ಟಳು. ಬಾಗಿಲು ತಾನೇ ಮುಚ್ಚಿದಳು.

ಹೊರಗೆ ಅರ್ಧ ಊರು ಸುಮ್ಮನೆ ನಿಂತಿತ್ತು. ಸೌಮಾಸರೂ ಬಂದಿದ್ದರು, ಅವರಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಕಿಯೋಮಿ ಮೆಟ್ಟಿಲಿಳಿದು ನನ್ನ ಮುಂದೆ ನಿಂತಳು. ತೆಳ್ಳಗಾಗಿದ್ದಾಳೆ.

"ನಾನಿಲ್ದೆ ಬೇಜಾರಾಯ್ತಾ?" ಅಂದಳು. ಇಷ್ಟು ವರ್ಷದಲ್ಲಿ ಇಂಥದ್ದೊಂದು ಕೇಳಿದವಳಲ್ಲ.

ಎಲ್ಲರೂ ನೆಲ ನೋಡಿದರು.

"ಬಹಳ" ಅಂದೆ. ಧ್ವನಿ ಯಾಕೋ ಫೋನಿನಲ್ಲಿ ಮಾತಾಡುವಷ್ಟೇ ಜೋರಾಗಿ ಬಂತು. "ತಡ್ಕೊಳ್ಳೋಕಾಗ್ಲಿಲ್ಲ ಕಣೇ. ಮನೆಗೆ ಹೋಗೋಕೆ ಮನಸ್ಸೇ ಬರ್ತಿರಲಿಲ್ಲ."

"ಮೆಲ್ಲಗೆ ಮಾರಾಯ, ಜನ ಇದಾರೆ" ಅಂದಳು. ಅಂದು, ಆ ಜನರೆಲ್ಲರ ಎದುರಿಗೇ, ನನ್ನ ಕೈ ಹಿಡಿದುಕೊಂಡಳು. ಮನೆ ತನಕ ಬಿಡಲಿಲ್ಲ.